ಸಂಘದ ಊಟಕ್ಕೆ ತಂದ ಕೇದಗೆ ಎಲೆ

ಚನ್ನಪಟ್ಟಣದ ನಮ್ಮ ಅರಗಿನ ಕೆಲಸಗಾರರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ, ಅದರ ವಾರ್ಷಿಕ ಊಟದ ಚರಿತ್ರೆ ಬರೆದುಕೊಡಲು ಅಧ್ಯಕ್ಷರಾದ ಪೀರ್ ಸಾಬ್ ನನ್ನನ್ನು ಕೇಳಿದರು.

"ಮೈಸೂರಲ್ಲಿ ಹಿಸ್ಟರಿ ಓದ್ಕೊಂಡು ಬಂದಿದ್ದೀಯ. ನಮ್ದೂ ಒಸಿ ಬರಿ ತಾಯಿ. ಊಟಕ್ಕೆ ಮುಂಚೆ ಓದ್ಬುಡು. ಆಮೇಲೆ ಓದುದ್ರೆ ಇವ್ರೆಲ್ಲ ಗೊರ್ಕೆ ಹೊಡೀತಾರೆ."

ಆಗಲಿ ಎಂದೆ.

ನನ್ನ ಗಂಡ ಗವಿಸಿದ್ದಯ್ಯ ಸಂಘದ ಸದಸ್ಯರಾಗಿದ್ದರು. ಆ ವರ್ಷದ ಆಷಾಢದಲ್ಲಿ ಮಾಗಡಿ ಕಡೆಯ ಕಲ್ಯ ಗ್ರಾಮಕ್ಕೆ ಗೊಂಬೆ ಮಾಡುವ ಹಾಲೆ ಮರ ತರಲು ಹೋದರು. ಬರುವಾಗ ಲಾರಿ ಮಗುಚಿ ತೀರಿಕೊಂಡರು. ಸಂಘದ ಊಟ ಆಯುಧಪೂಜೆಯ ಮುಂದಿನ ಭಾನುವಾರ. ಆ ಮಧ್ಯಾಹ್ನ ನಾನು ಅವರ ಎಲೆಯನ್ನು ಒಲೆಗೆ ಹಾಕಬೇಕಿತ್ತು.

ಆ ಎಲೆಯ ವಿಷಯ ಹೇಳಬೇಕು. ಲೇತಿನಲ್ಲಿ ತಿರುಗುವ ಗೊಂಬೆಗೆ ಅರಗು ಹಚ್ಚಿದ ಮೇಲೆ, ಒಣಗಿದ ಕೇದಗೆ ಎಲೆಯನ್ನು ಒತ್ತಿ ಹಿಡಿದು ಹೊಳಪು ಕೊಡುತ್ತಾರೆ. ನಮ್ಮವರ ಬಾಯಲ್ಲಿ ಅದು ಬರೀ 'ಎಲೆ'. ೧೯೫೬ರ ಮೊದಲ ಊಟಕ್ಕೆ ಕಾರ್ಯದರ್ಶಿ ಕಾಗದ ಬರೆಯುತ್ತ 'ಪ್ರತಿಯೊಬ್ಬರೂ ತಮ್ಮ ಎಲೆ ತರತಕ್ಕದ್ದು' ಎಂದಿದ್ದರಂತೆ. ಅವರ ಮನಸ್ಸಿನಲ್ಲಿದ್ದದ್ದು ಬಾಳೆ ಎಲೆ. ಮೂವತ್ತೆರಡು ಜನ ಕೇದಗೆ ಎಲೆ ಹಿಡಿದು ಬಂದು ಸಾಲಾಗಿ ಕುಳಿತರು. "ಪಾಯ್ಸನ ಇದರ ಮ್ಯಾಲೆ ಬಡುಸ್ತೀಯೇನ್ಲಾ?" ಎಂದು ಯಾರೋ ಕೂಗಿದ್ದನ್ನು ಪೀರ್ ಸಾಬ್ ಈಗಲೂ ಹೇಳಿ ನಗುತ್ತಾರೆ. ಅಂದು ಬಾಳೆತೋಟಕ್ಕೆ ಓಡಿದರು. ಮಾರನೆಯ ವರ್ಷದಿಂದ, ಊಟದ ಎಲೆಯ ಬಲಕ್ಕೆ ಕೆಲಸದ ಎಲೆ ಇಟ್ಟುಕೊಂಡು ಕೂರುವುದೇ ಪದ್ಧತಿಯಾಯಿತು.

ಸದಸ್ಯರು ತೀರಿಕೊಂಡರೆ, ಅವರು ಕೊನೆಗೆ ಹಿಡಿದ ಎಲೆಯನ್ನು ಹೆಂಡತಿ ತಂದು ಅಡುಗೆಯ ಒಲೆಗೆ ಹಾಕುತ್ತಾಳೆ. ಆಮೇಲೆಯೇ ಉಳಿದವರು ಊಟಕ್ಕೆ ಕೈ ಹಾಕುವುದು. ಇದು ಹೇಗೆ ಶುರುವಾಯಿತೆಂದು ಸಂಘದ ಹಳೆಯ ಪುಸ್ತಕಗಳಲ್ಲಿ ಹುಡುಕಿದೆ. ಇರಲಿಲ್ಲ. ಪೀರ್ ಸಾಬರಿಗೂ ಗೊತ್ತಿರಲಿಲ್ಲ. "ಮೊದ್ಲು ಹಾಕಿದ್ದು ಸರಸಮ್ಮ. ಅವ್ಳನ್ನೇ ಕೇಳು" ಎಂದರು.

ಸರಸಮ್ಮ ಪ್ರತಿ ವರ್ಷ ಊಟಕ್ಕೆ ಬಡಿಸುವವರು. ಅವರ ಗಂಡ ತೀರಿಕೊಂಡದ್ದು ೧೯೬೧ರಲ್ಲಿ. ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೇಳಿದೆ.

"ಶಾಸ್ತ್ರಾನೂ ಇಲ್ಲ, ಏನೂ ಇಲ್ಲ ಕಣವ್ವ. ಅವರ ಜಾಗದಲ್ಲಿ ಇಟ್ಟು ಬತ್ತೀನಿ ಅಂತ ತಗಂಡೋಗಿದ್ದೆ. ಗಂಡಸ್ರೆಲ್ಲ ನನ್ನೇ ನೋಡ್ತಾವ್ರೆ. ಎಲ್ಲಿ ಬೀಳುಸ್ತೀನೋ ಅಂತ ಪಕ್ಕದಾಗಿದ್ದ ಒಲೆಗೆ ಹಾಕ್ಬುಟ್ಟೆ. ಮಾರ್ನೆ ವರ್ಷ ಇನ್ನೊಬ್ಳು ಬಂದು ಹಂಗೇ ಹಾಕುದ್ಲು. ನಾನೇನಂತ ಹೇಳ್ಲಿ?"

ಸುಲಿದ ಕಾಳನ್ನು ಮೊರಕ್ಕೆ ಸುರಿದರು.

"ಮನೇಗೆ ಬಂದ್ಮೇಲೆ ಒಲೆ ಬೂದಿ ತರಾನ ಅಂತ ವಾಪಸ್ ಹೋಗಿದ್ದೆ. ಅಷ್ಟೊತ್ಗೆ ಒಲೆ ತೊಳ್ದು ಸಾರ್ಸಿದ್ರು."

ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ. ಓದಲು ಅವರ ಒಪ್ಪಿಗೆ ಕೇಳಿದೆ. "ಓದು" ಎಂದರು.

ಭಾನುವಾರ ಪಂಕ್ತಿ ಹಾಕಿ, ಅನ್ನ ಬಡಿಸಿ ಆಗಿತ್ತು. ನಾನು ಒಲೆಯ ಪಕ್ಕ ನಿಂತು ಓದಿದೆ. ಬಾಳೆ ಎಲೆಯ ಕಥೆಗೆ ಎಲ್ಲರೂ ನಕ್ಕರು. ಸರಸಮ್ಮನ ಮಾತಿಗೆ ಬಂದಾಗ ನಗು ನಿಂತಿತು. ಪೀರ್ ಸಾಬ್ ತಿರುಗಿ ನೋಡಿದರು. ಸರಸಮ್ಮ ಸಾರಿನ ಬಕೆಟ್ ಕೆಳಗಿಟ್ಟರು.

"ನಿಜವಾ ಸರಸಕ್ಕ?" ಎಂದು ಪೀರ್ ಸಾಬ್ ಕೇಳಿದರು.

"ಯಾರೂ ಕೇಳ್ಲಿಲ್ವಲ್ಲಪ್ಪ. ಕೇಳಿದ್ರೆ ಹೇಳ್ತಿದ್ದೆ."

ಸಾಲಿನ ಕೊನೆಯಲ್ಲಿದ್ದ ಸಮದ್ ಎದ್ದು ನಿಂತ. ಎರಡು ವರ್ಷದ ಹಿಂದೆ ಅವನ ತಂದೆಯ ಎಲೆ ಇದೇ ಒಲೆಯಲ್ಲಿ ಉರಿದಿತ್ತು.

"ಹಂಗಾದ್ರೆ ನಮ್ಮಪ್ಪಂದು ಯಾತಕ್ಕೆ ಸುಟ್ವಿ?"

ಅಷ್ಟು ವರ್ಷಗಳಲ್ಲಿ ಹದಿನಾಲ್ಕು ಎಲೆ ಸುಟ್ಟಿದ್ದರು. ಆ ಮನೆಗಳವರು ಸಾಲಿನಲ್ಲಿ ಎಲ್ಲೆಲ್ಲಿ ಕುಳಿತಿದ್ದಾರೆಂದು ನನಗೆ ಗೊತ್ತಿತ್ತು. ಓದುವ ಮೊದಲು ನಾನು ನನ್ನ ಗಂಡನ ಎಲೆಯೊಂದರ ಬಗ್ಗೆಯೇ ಯೋಚಿಸಿದ್ದೆ. ಅದು ಚರಿತ್ರೆಯ ಹಾಳೆಗಳ ನಡುವೆ ಇತ್ತು. ಅಂಚಿನಲ್ಲಿ ಕೆಂಪು ಅರಗಿನ ಗೀಟು, ಅವರ ಹೆಬ್ಬೆರಳು ಒತ್ತಿದ ಕಡೆ ಒಂದು ತಗ್ಗು.

ಒಲೆಯಲ್ಲಿ ಕೆಂಡ ಇನ್ನೂ ಇತ್ತು. ಹಾಕಿದ್ದರೆ ಸಮದ್ ಕುಳಿತುಕೊಳ್ಳುತ್ತಿದ್ದ, ಎಲ್ಲರಿಗೂ ಸಮಾಧಾನವಾಗುತ್ತಿತ್ತು.

"ನಾನು ಹಾಕೋದಿಲ್ಲ" ಎಂದೆ. "ಊಟ ಮಾಡಿ. ಅನ್ನ ಆರ್ತಾ ಇದೆ."

ಪೀರ್ ಸಾಬ್ ತಮ್ಮ ಬಲಕ್ಕಿದ್ದ ಕೆಲಸದ ಎಲೆಯನ್ನು ನೆಟ್ಟಗೆ ಇಟ್ಟುಕೊಂಡರು. ಅವರ ತಮ್ಮನದೂ ಆ ಹದಿನಾಲ್ಕರಲ್ಲಿ ಒಂದು. ಆಮೇಲೆ ಅನ್ನ ಕಲಸಿದರು. ಅವರನ್ನು ನೋಡಿ ಉಳಿದವರೂ ಕಲಸಿದರು. ಆ ವರ್ಷ ಪಾಯಸಕ್ಕೆ ಯಾರೂ ಇನ್ನೊಂದು ಸಲ ಕೇಳಲಿಲ್ಲ.

ಸಮದ್ ಉಣ್ಣಲಿಲ್ಲ. ನನ್ನ ಹತ್ತಿರ ಬಂದು ಕೈ ಚಾಚಿದ. ಜಗಳಕ್ಕೆ ಬಂದನೆಂದುಕೊಂಡೆ. ಎಲೆ ಕೊಟ್ಟೆ. ಅವನು ಬೆಳಕಿಗೆ ಹಿಡಿದು, ಕೆಂಪು ಗೀಟಿನ ಮೇಲೆ ಬೆರಳಾಡಿಸಿ, ಹಿಂದಕ್ಕೆ ಕೊಟ್ಟ.

"ನಮ್ಮಪ್ಪಂದು ಹಸ್ರು ಇತ್ತು ಕಣಕ್ಕ" ಎಂದ.

"ಎಂಥ ಹಸಿರು?" ಎಂದು ಕೇಳಿದೆ.

ಅವನು ಹೇಳಲು ಹೋದ. ಒಲೆಯ ಕಡೆ ನೋಡಿ ಅತ್ತುಬಿಟ್ಟ. ನನಗೂ ಅಂದು ಅಳು ಬಂತು.