ಇಳಿಯದ ಕಾಲುಂಗುರ

ಕಾಲುಂಗುರ ಬೆರಳಿನ ಬುಡಕ್ಕೆ ಇಳಿಯಲೇ ಇಲ್ಲ. ಪಂಕಜಮ್ಮ ಕೊಬ್ಬರಿ ಎಣ್ಣೆ ಸವರಿ, ತಿರುಗಿಸಿ ತಿರುಗಿಸಿ ನೂಕಿದರು. ಮದುವೆಯ ದಿನ ಸಡಿಲವಾಗಿ ಜಾರುತ್ತಿದ್ದ ಬೆಳ್ಳಿ, ಸೊಸೆ ಇಮಾನಿಯ ಊದಿದ ಬೆರಳಿನ ಗೆಣ್ಣಿನಲ್ಲೇ ನಿಂತಿತು.

"ಬಿಡಿ ಪಂಕಜಾ, ತುದೀಲೇ ಇರ್ಲಿ," ಎಂದರು ಪಂಕಜಮ್ಮನ ಗೆಳತಿ ಸುಗಂಧಿ ಆಂಟಿ, ಹೆಣದ ಹಣೆಯ ಕುಂಕುಮ ಮುಟ್ಟಿ ತಮ್ಮ ತಾಳಿಗೆ ಹಚ್ಚಿಕೊಳ್ಳುತ್ತ. "ಮುತ್ತೈದೆ ಸಾವು. ಪುಣ್ಯ ಮಾಡಿದ್ಳು. ನಮ್ಮೋರಲ್ದಿದ್ರೂ ಎಷ್ಟು ಲಕ್ಷಣವಾಗಿ ಹೋದ್ಳು ನೋಡಿ."

ಅಂತ್ಯಕ್ರಿಯೆ ನಡೆಸುವ ಫ್ಯೂನರಲ್ ಹೋಮಿನ ಎದುರು ಸಾಲಿನಿಂದ ಇಮಾನಿಯ ತಾಯಿ ಡೆನೀಸ್ ತಲೆ ಎತ್ತಿದರು. ನೆವಾರ್ಕಿನಲ್ಲಿ ಸ್ಕೂಲ್ ಬಸ್ ಓಡಿಸುವವರು. ಅವರ ಬಿಳಿ ಟೀ ಶರ್ಟಿನ ಮೇಲೆ ಮಗಳ ಹೆಸರಿತ್ತು. ಹೊಸ ಬಟ್ಟೆಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಹಿಂದೆ ನಿಂತಿದ್ದ ಇಬ್ಬರು ಹೆಂಗಸರ ಎದೆಯ ಮೇಲೆ ಬೇರೆ ಹೆಸರುಗಳು, ಹೆರಿಗೆಯಾಗಿ ಸತ್ತ ಬೇರೆ ಕಪ್ಪು ಹೆಣ್ಣುಮಕ್ಕಳವು. ರಾಜ್ಯದ ರಾಜಧಾನಿ ಟ್ರೆಂಟನ್‌ಗೆ ಹೋಗಿ ಶಾಸಕರ ಮುಂದೆ ಆ ಹೆಸರುಗಳನ್ನು ಕೂಗಿ ಓದುವವರು ಅವರು.

"ಆಕೆ ಏನಂದರು?" ಡೆನೀಸ್ ಅಳಿಯ ಕಶ್ಯಪನನ್ನು ಇಂಗ್ಲಿಷಿನಲ್ಲಿ ಕೇಳಿದರು.

"ಅದೃಷ್ಟವಂತೆ ಅಂತ. ಗಂಡನಿಗಿಂತ ಮೊದಲು..."

"ಸುಡಬೇಡ, ಕಶ್ಯಪ್. ಹೊರಗಿನ ಡಾಕ್ಟರು ಒಮ್ಮೆ ಪರೀಕ್ಷೆ ಮಾಡಲಿ. ಗಂಡ ನೀನು. ಬೇಡ ಅಂತ ನೀನು ಹೇಳಿದರೆ ಇವರು ನಿಲ್ಲಿಸುತ್ತಾರೆ. ನಾನು ಬೂದಿಯನ್ನ ಯಾರಿಗೆ ತೋರಿಸಲಿ?"

ಜಯತೀರ್ಥರು ಮಗನ ಹೆಗಲು ಹಿಡಿದರು. "ಬಾಣಂತೀನ ಕುಯ್ಸೋದಾ? ಬಾ, ನಮ್ಮ ಟೈಮ್ ಸ್ಲಾಟ್ ಮೀರ್ತಿದೆ."

* * *

ಇಮಾನಿ ಹೆತ್ತ ಆಸ್ಪತ್ರೆಯನ್ನು ಜಯತೀರ್ಥರು "ನಮ್ಮ ಹಾಸ್ಪಿಟಲ್" ಎನ್ನುತ್ತಿದ್ದರು. ಅಲ್ಲಿ ಅವರು ಅರಿವಳಿಕೆ ಡಾಕ್ಟರು. ಸೊಸೆಗೆ ಕಿಟಕಿ ಇರುವ ರೂಮು ಕೊಡಿಸಿದವರೂ ಅವರೇ.

ಹೆರಿಗೆಯ ಮಾರನೆಯ ಸಂಜೆ ಇಮಾನಿ ತಲೆ ಸಿಡಿಯುತ್ತಿದೆ ಎಂದಳು. ಕಣ್ಣ ಮುಂದೆ ಚುಕ್ಕಿಗಳು ಎಂದಳು. ಕೈಯೆತ್ತಿ ಸರದಿ ಕಾಯಿರಿ ಎಂದು ಐದನೇ ಕ್ಲಾಸಿನ ಮಕ್ಕಳಿಗೆ ಕಲಿಸುವ ಮೆಲುದನಿಯಲ್ಲೇ ಹೇಳಿದಳು. ನರ್ಸು ನೋವಿನ ಮಾತ್ರೆ ಟೈಲೆನಾಲ್ ಕೊಟ್ಟು, "ಹೊಸ ತಾಯಂದಿರಿಗೆಲ್ಲ ಹೀಗೇ," ಎಂದು ಬಿಪಿ ನೋಡದೆ ಹೋದಳು.

ಪಂಕಜಮ್ಮ ಸೊಸೆಯ ಪಾದ ಒತ್ತಿ ನೋಡಿದರು. ಹೆಬ್ಬೆರಳಿನ ಗುಳಿ ಬಿತ್ತು, ಮೇಲೇಳಲಿಲ್ಲ. "ಬಾಣಂತಿ ಕಾಲು, ಊದತ್ತೆ," ಎಂದು ಶೀತವಾಗದಂತೆ ಉಣ್ಣೆಯ ಕಾಲುಚೀಲ ಹಾಕಿ ಮುಚ್ಚಿದರು.

ಇಮಾನಿ ಕೈಯಲ್ಲಿದ್ದ ವೈರಿನ ಬೆಲ್ ಒತ್ತಿ ನರ್ಸನ್ನು ಮತ್ತೆ ಕರೆದಳು. ಯಾರೂ ಬರಲಿಲ್ಲ. ಇನ್ನೊಮ್ಮೆ ಒತ್ತಿದಳು.

"ನಾನು ಹೊರಗೆ ಹೋಗಿ ಕೂಗುತ್ತೇನೆ," ಡೆನೀಸ್ ಎದ್ದರು.

"ದಯವಿಟ್ಟು ಬೇಡ," ಎಂದರು ಜಯತೀರ್ಥರು. "ಇಲ್ಲಿ ಎಲ್ಲರೂ ನನಗೆ ಗೊತ್ತು. ನಮ್ಮ ಮನೆಯವರು ಗಲಾಟೆ ಮಾಡಿದರು ಅಂತ ಆಗಬಾರದು." ಆಮೇಲೆ ಸೊಸೆಯ ಬೆರಳುಗಳನ್ನು ಒಂದೊಂದಾಗಿ, ತುಂಬ ಮೃದುವಾಗಿ ಬಿಡಿಸಿ, ಆ ಬೆಲ್ ಅನ್ನು ಅವಳ ಕೈಗೆಟುಕದ ಕಂಬಿಗೆ ನೇತುಹಾಕಿದರು. "ಮಲಕ್ಕೋ ಮಗಳೇ."

ಡೆನೀಸ್ ಅಳಿಯನ ಮುಖ ನೋಡಿದರು. ಕಶ್ಯಪ ತೊಟ್ಟಿಲಲ್ಲಿದ್ದ ಮಗುವನ್ನೇ ನೋಡುತ್ತಿದ್ದ.

ಪಂಕಜಮ್ಮ ಜೋಗುಳ ಹಾಡಿದರು. ಎರಡನೆಯ ನುಡಿಗೆ ಇಮಾನಿಯ ಕೈ ಸಡಿಲಾಯಿತು. ನಿದ್ದೆ ಬಂತೆಂದು ಎಲ್ಲರೂ ಪಿಸುಮಾತಿಗೆ ಇಳಿದರು.

* * *

ಮುಚ್ಚಳವಿಲ್ಲದ, ತಗ್ಗು ಅಂಚಿನ ಪೆಟ್ಟಿಗೆ ಸುಡುವ ಕುಲುಮೆಯೊಳಗೆ ಸರಿಯುವಾಗ ಕಾಲುಂಗುರ ಬೆರಳತುದಿಯಿಂದ ಕಳಚಿ ನೆಲಕ್ಕೆ ಉರುಳಿತು. ಪಂಕಜಮ್ಮ ಬಗ್ಗಿ ಎತ್ತಿಕೊಂಡರು. ಅದನ್ನೇ ನೋಡುತ್ತ ನಿಂತವರು ತಟ್ಟನೆ ಮಗನ ತೋಳು ಹಿಡಿದರು.

"ಕಶ್ಯಪ, ಆ ಕಾಲು... ಯಾರಿಗಾದ್ರೂ ಒಂದ್ಸಲ ತೋರ್ಸೋಣ ಕಣೋ."

"ಪಂಕಜಾ," ಎಂದರು ಜಯತೀರ್ಥರು. ಅಷ್ಟೇ.

ನೋಡುವವರ ಕೋಣೆಯ ಗಾಜಿನಾಚೆ ಡೆನೀಸ್ ಎರಡೂ ಅಂಗೈ ಗಾಜಿಗೆ ಒತ್ತಿ ನಿಂತಿದ್ದರು. ಬಾಯಿ ಅಲುಗುತ್ತಿತ್ತು, ದನಿ ಈಚೆಗೆ ಬರುತ್ತಿರಲಿಲ್ಲ. ಕಶ್ಯಪ ಅತ್ತ ನೋಡಿದ. ಗಂಟಲು ಸರಿಮಾಡಿಕೊಂಡ. ಬಾಗಿಲ ಬಳಿ ನಿಂತ ಕೆಲಸದವನು, ಏನಾದರೂ ಹೇಳಲಿಕ್ಕಿದೆಯೇ ಎಂಬಂತೆ ಕಾದ.

ಜಯತೀರ್ಥರು ಮಗನ ಬೆರಳುಗಳನ್ನು ಒಂದೊಂದಾಗಿ, ತುಂಬ ಮೃದುವಾಗಿ ಬಿಡಿಸಿ, ಗೋಡೆಯ ಹಸಿರು ಬಟನ್ನಿನ ಮೇಲಿಟ್ಟರು.

ಕಶ್ಯಪ ಒತ್ತಿದ. ಒತ್ತಿದ ಕೂಡಲೇ ಒಳಗೆ ಬೆಂಕಿ ಓಗೊಟ್ಟಿತು.