ಸಾತವ್ವ ಹೇಳದ ಗುಟ್ಟು

ಬೆಟ್ಟದ ಇಳಿಜಾರಿನಲ್ಲಿದ್ದ ಆ ಪಟ್ಟಣಕ್ಕೆ ಎರಡೇ ಕೇರಿಗಳು. ಮೇಲಿನ ಕೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಕೆಳಗಿನ ಕೇರಿಯಲ್ಲಿ ಮಧ್ಯಾಹ್ನದ ಸ್ವಲ್ಪ ಹೊತ್ತು ಬಿಟ್ಟರೆ ಸದಾ ಬೆಟ್ಟದ ನೆರಳು. ಕೆಳಗಿನವರು ಮೇಲೆ ಹೋಗುವುದಕ್ಕೆ ಇದ್ದದ್ದು ಒಂದೇ ದಾರಿ. ಊರ ಚಾವಡಿಯಲ್ಲಿ ಹಿಂದಿನ ಯಾವನೋ ಅರಸ ಇರಿಸಿಹೋದ ಕಬ್ಬಿಣದ ಯಂತ್ರವೊಂದಿತ್ತು. ಅದರ ಹಿಡಿ ಎಳೆದರೆ ಹಲವು ಚಿತ್ರಗಳಿದ್ದ ಮೂರು ಗಾಲಿಗಳು ಗಿರ್ರನೆ ತಿರುಗಿ ನಿಲ್ಲುತ್ತಿದ್ದವು. ಮೂರರಲ್ಲೂ ನವಿಲಿನ ಚಿತ್ರವೇ ಬಂದು ನಿಂತರೆ, ಎಳೆದವರಿಗೆ ಮೇಲಿನ ಕೇರಿಯಲ್ಲಿ ಮನೆ, ಊರ ಸಭೆಯಲ್ಲಿ ಆಸನ. ಒಬ್ಬೊಬ್ಬರು ದಿನಕ್ಕೆ ಒಂದೇ ಸಲ ಎಳೆಯಬಹುದಿತ್ತು.

ಮೇಲಿನ ಕೇರಿಯವರೆಲ್ಲ ಹೀಗೆ ಹೋದವರೇ. ಆದರೆ ಹೋದ ಮೇಲೆ, ಏನೋ ನವಿಲು ಬಂತು, ಮೇಲೆ ಬಂದೆ ಎಂದು ಯಾರೂ ಹೇಳುತ್ತಿರಲಿಲ್ಲ. ಎಳೆಯುವುದಕ್ಕೊಂದು ವಿದ್ಯೆಯಿದೆ, ಅದು ತಮಗೆ ಒಲಿದಿತ್ತು ಎಂದೇ ಅವರು ಹೇಳುತ್ತಿದ್ದರು, ನಂಬಿಯೂ ಇದ್ದರು. ಅವರಲ್ಲಿ ಹಿರಿಯನಾದ ನೇಮಣ್ಣ ಒಂದು ಕಾಲಕ್ಕೆ ಸುಣ್ಣದ ಗೂಡಿನಲ್ಲಿ ದುಡಿದವನು. ಮೊಣಕೈಯನ್ನು ಎದೆಗೆ ತಾಗಿಸಿ ಎಳೆದದ್ದರಿಂದ ಗೆದ್ದೆ ಎಂದು ಅವನು ಹೇಳುತ್ತಿದ್ದ. ಅದನ್ನು ಕಲಿಸಲು ಚಾವಡಿಯ ಪಕ್ಕದಲ್ಲೇ ಗರಡಿಯೊಂದನ್ನು ತೆರೆದಿದ್ದ. ಬಹಳ ದಿನ ಕೊಡದ ಯಂತ್ರ ಹಣ್ಣಾಗಿರುತ್ತದೆ, ಆಗ ಬಿಡಬಾರದು ಎಂದು ಅಲ್ಲಿ ಹೇಳಿಕೊಡುತ್ತಿದ್ದರು. ನಿನ್ನೆ ಕೊಟ್ಟದ್ದು ಇಂದು ಬರಿದಾಗಿರುತ್ತದೆ, ಹಿಂದಿನವರ ಕೈಬಿಸಿ ಆರುವ ಮೊದಲೇ ಹಿಡಿ ಹಿಡಿಯಬೇಕು ಎಂದೂ ಹೇಳಿಕೊಡುತ್ತಿದ್ದರು.

ಕೆಳಗಿನ ಕೇರಿಯಲ್ಲಿ ಚಾಪೆ ಹೆಣೆಯುತ್ತಿದ್ದ ಸಾತವ್ವ ಇದನ್ನೆಲ್ಲ ಶ್ರದ್ಧೆಯಿಂದ ಕಲಿತವಳು. ಅವಳ ಗಂಡ ಭರಮಣ್ಣನ ಎದೆಯಲ್ಲಿ ಶೀತ ಕಟ್ಟಿತ್ತು. ಬಿಸಿಲಿರುವ ಮನೆಯಲ್ಲಿದ್ದರೆ ಗುಣವಾದೀತು ಎಂದು ವೈದ್ಯ ಹೇಳಿದಂದಿನಿಂದ ಅವಳು ಒಂದು ದಿನವೂ ತಪ್ಪಿಸದೆ ಮೊಣಕೈ ಎದೆಗೆ ತಾಗಿಸಿ ಎಳೆದಳು. ಏನೂ ಬರಲಿಲ್ಲ. ಒಮ್ಮೆ ಅವಳ ಬಲಗೈ ಉಳುಕಿತು. ಆ ದಿನ ಎಡಗೈಯಲ್ಲಿ ಎಳೆದಳು, ಬರಲಿಲ್ಲ. ಮರುದಿನವೂ ಎಡಗೈಯಲ್ಲೇ ಎಳೆದಳು. ಮೂರು ನವಿಲುಗಳು ಸಾಲಾಗಿ ನಿಂತವು.

ಗೆದ್ದವರು ಊರವರ ಮುಂದೆ ತಮ್ಮ ಗುಟ್ಟನ್ನು ಹೇಳಿ ಮನೆಯ ಬೀಗದಕೈ ಪಡೆಯುವುದು ಅಲ್ಲಿನ ಪದ್ಧತಿ. ಚಾವಡಿ ಕಿಕ್ಕಿರಿದಿತ್ತು. ಸಾತವ್ವ ಮೆಟ್ಟಿಲು ಹತ್ತಿ ನಿಂತು ತುಸು ಯೋಚಿಸಿದಳು.

“ಹೇಳಲು ನನ್ನ ಹತ್ತಿರ ಏನೂ ಇಲ್ಲ,” ಎಂದಳು. “ಎಳೆದೆ, ಬಂತು.”

ಸಭೆ ಗುಸುಗುಸು ಎಂದಿತು. ನೇಮಣ್ಣ ಕೆಟ್ಟವನಲ್ಲ. ಅವಳಿಗೆ ಮಾತು ತೋಚುತ್ತಿಲ್ಲವೆಂದುಕೊಂಡು, ಎಡಗೈಯಲ್ಲಿ ಎಳೆದೆಯಂತಲ್ಲ, ಅದನ್ನೇ ಹೇಳಿದರೆ ಸಾಕು ಎಂದು ನೆನಪಿಸಿದ.

“ಹಿಂದಿನ ದಿನವೂ ಎಡಗೈಯಲ್ಲೇ ಎಳೆದಿದ್ದೆ, ನೇಮಣ್ಣನವರೇ. ಆಗ ಬರಲಿಲ್ಲ. ನಿನ್ನೆ ಏನಾಯಿತೆಂದು ಆ ಯಂತ್ರಕ್ಕೆ ನೆನಪಿಲ್ಲ. ಇಂದು ಎಳೆಯುತ್ತಿರುವವರು ಯಾರೆಂದೂ ಗೊತ್ತಿಲ್ಲ. ನನಗೆ ಹಾಗೆ ಬಂತು. ನಿಮಗೂ ಹಾಗೇ ಬಂದದ್ದು.”

ಮೇಲಿನ ಕೇರಿಯವರ ಮುಖ ಕೆಂಪಾಯಿತು. ಕೆಳಗಿನವರಾದರೂ ಸಂತೋಷಪಟ್ಟಾರು ಎಂದು ಅವಳು ಅತ್ತ ನೋಡಿದಳು. ಅವರ ಸಿಟ್ಟು ಇನ್ನೂ ಹೆಚ್ಚಾಗಿತ್ತು. ಎಳೆದೂ ಎಳೆದೂ ತಲೆ ನರೆತಿದ್ದ ದುರ್ಗಪ್ಪ ಎದ್ದು ನಿಂತು, “ಹಾಗಾದರೆ ನಾನು ಇಷ್ಟು ವರ್ಷ ಕಲಿತದ್ದು ಏನವ್ವಾ?” ಎಂದು ಕೇಳಿದ. ಗುಟ್ಟು ಹೇಳದವರಿಗೆ ಬೀಗದಕೈ ಇಲ್ಲ, ಸಂಜೆಯೊಳಗೆ ಮನಸ್ಸು ಬದಲಾಯಿಸಿ ಬಾ ಎಂದು ಸಭೆ ತೀರ್ಮಾನಿಸಿತು.

ಮಧ್ಯಾಹ್ನ ನೇಮಣ್ಣನೇ ಅವಳ ಮನೆಗೆ ಇಳಿದು ಬಂದ. ಭರಮಣ್ಣನ ಕೆಮ್ಮು ಕೇಳಿ ಮರುಗಿದ. ಕಿರುಬೆರಳು ಮಡಿಸಿದ್ದೆ ಎಂದಾದರೂ ಹೇಳು, ಅದರಿಂದ ಯಾರಿಗೇನು ನಷ್ಟ ಎಂದ. ಸಾತವ್ವ ಅವನಿಗೆ ನೀರು ಕೊಟ್ಟು ಒಂದೇ ಮಾತು ಕೇಳಿದಳು.

“ಮೊಣಕೈ ಎದೆಗೆ ತಾಗಿಸಿ ಎಳೆದದ್ದು, ಗೆದ್ದ ಆ ಒಂದು ದಿನ ಮಾತ್ರವೇ?”

ನೇಮಣ್ಣ ಚೊಂಬನ್ನು ಕೆಳಗಿಟ್ಟ. ಸೋತ ದಿನಗಳಲ್ಲೂ ಅವನು ಹಾಗೆಯೇ ಎಳೆದಿದ್ದ. ಎದ್ದು ಮೇಲೆ ಹತ್ತಿ ಹೋದ.

ಅವಳಿಗೆ ಗಂಡನ ಮುಖ ನೋಡುವ ಧೈರ್ಯವಾಗಲಿಲ್ಲ. ಸತ್ಯ ತನ್ನದು, ಕೆಮ್ಮು ಅವನದು. ಒಂದು ಸುಳ್ಳು ಹೇಳಿದರೆ ನಾಳೆಯೇ ಅವನ ಎದೆಗೆ ಬಿಸಿಲು ತಾಗುತ್ತಿತ್ತು. ಗೋಡೆಗೆ ಒರಗಿದ್ದ ಭರಮಣ್ಣನೇ ಮಾತನಾಡಿದ.

“ನೀನು ಕಿರುಬೆರಳು ಅಂದರೆ, ನಾಳೆಯಿಂದ ಈ ಕೇರಿಯವರೆಲ್ಲ ಕಿರುಬೆರಳು ಮಡಿಸಿ ಮಡಿಸಿ ನೋಯಿಸಿಕೊಳ್ಳುತ್ತಾರೆ. ಅವರ ಬೆರಳು ನೋಡುತ್ತ ನನಗೆ ಬಿಸಿಲು ಕಾಯಿಸಲು ಆಗುವುದಿಲ್ಲ. ಹೋಗಿ ಇಲ್ಲ ಅಂತ ಹೇಳಿ ಬಾ.”

ಸಂಜೆ ಅವಳು ಚಾವಡಿಗೆ ಹೋಗಿ ಅದನ್ನೇ ಹೇಳಿದಳು. ಬೀಗದಕೈ ಸಿಗಲಿಲ್ಲ. ಸೆರಗು ಬಿಗಿದು, ತಲೆಯೆತ್ತಿ, ಬೈಯುತ್ತಿದ್ದವರ ನಡುವೆಯೇ ನಡೆದು ಇಳಿದು ಬಂದಳು. ಆ ಊರಿನಲ್ಲಿ ಬೀಗುತ್ತ ಮೇಲೆ ಹತ್ತಿದವರನ್ನು ಜನ ಕಂಡಿದ್ದರು. ಅಷ್ಟು ಹೆಮ್ಮೆಯಿಂದ ಕೆಳಗಿಳಿದವರನ್ನು ಅದುವರೆಗೆ ಕಂಡಿರಲಿಲ್ಲ.

ಕೆಲವು ದಿನ ಯಾರೂ ಅವಳ ಚಾಪೆ ಕೊಳ್ಳಲಿಲ್ಲ. ಅಷ್ಟರಲ್ಲಿ ಒಂದು ಬೆಳಿಗ್ಗೆ ಮಡಕೆ ಮಾರುವ ಹುಚ್ಚೀರಪ್ಪ ಯಂತ್ರದ ಮುಂದೆ ನಿಂತ. ಸಾತವ್ವನನ್ನು ಅಣಕಿಸುವುದಕ್ಕೆಂದೇ ಎಡಗೈ ಚಾಚಿ, “ಹೇಳಲು ನನ್ನ ಹತ್ತಿರ ಏನೂ ಇಲ್ಲ” ಎಂದು ನಗುತ್ತ ಹಿಡಿ ಎಳೆದ. ಮೂರು ನವಿಲುಗಳು ಬಂದು ನಿಂತವು.

ಊರು ಬೆರಗಾಯಿತು. ಸಭೆ ಕೂಡಲೇ ಸೇರಿತು. ಸಾತವ್ವ ಗುಟ್ಟು ಹೇಳಿಯೇ ಇದ್ದಳು, ಅರ್ಥವಾಗದೆ ಹೋದದ್ದು ತಮಗೇ ಎಂದು ಎಲ್ಲರೂ ಒಪ್ಪಿದರು. ಡೊಳ್ಳು ಬಾರಿಸುತ್ತ ಇಡೀ ಸಭೆ ಕೆಳಗಿನ ಕೇರಿಗೆ ಇಳಿಯಿತು. ನೇಮಣ್ಣ ತನ್ನ ಗರಡಿಯ ಶಿಷ್ಯರನ್ನೆಲ್ಲ ಹಿಂದೆ ಕರೆದುಕೊಂಡು ಬಂದು, ತಪ್ಪಾಯಿತೆಂದು ಹೇಳಿ, ಬೀಗದಕೈಯನ್ನು ಎರಡೂ ಕೈಯಲ್ಲಿ ಹಿಡಿದು ನೀಡಿದ. ದುರ್ಗಪ್ಪನ ಕಣ್ಣಲ್ಲಿ ಮತ್ತೆ ಆಸೆ ಬಂದಿತ್ತು.

ಸಾತವ್ವ ಬೀಗದಕೈ ತೆಗೆದುಕೊಂಡಳು. ನವಿಲು ಬಂದ ದಿನವೇ ಅದು ತನ್ನದಾಗಿತ್ತು, ಈಗ ಯಾರೂ ಹೊಸದಾಗಿ ಕೊಡುತ್ತಿಲ್ಲ ಎಂದು ತಿಳಿಸಿ ಭರಮಣ್ಣನ ಕೈಗೆ ಅದನ್ನಿಟ್ಟಳು. ಆಮೇಲೆ ಜನರ ಕಡೆ ತಿರುಗಿ, ಪ್ರತಿಯೊಬ್ಬರಿಗೂ ಕೇಳಿಸುವಂತೆ ನಿಧಾನವಾಗಿ ಹೇಳಿದಳು.

“ಇದು ಗುಟ್ಟಲ್ಲ. ನಾನು ಹೇಳಿದ್ದು ನಿಜ. ಹೇಳಲು ನನ್ನ ಹತ್ತಿರ ಏನೂ ಇಲ್ಲ.”

ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ನೇಮಣ್ಣ ಭಕ್ತಿಯಿಂದ ಕೈಮುಗಿದು, ಶಿಷ್ಯರ ಕಡೆ ತಿರುಗಿದ.

“ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು, ಗಮನಿಸಿದಿರಾ?” ಎಂದ.