ಪೂವಮ್ಮ ಹಂಚಿದ ಲಿಲ್ಲಿ ಗೆಡ್ಡೆಗಳು

ಜಾಲ್ಸೂರಿನ ಪೂವಮ್ಮನ ಅಂಗಳದಲ್ಲಿ ಆ ವರ್ಷ ಲಿಲ್ಲಿ ಸರಿಯಾಗಿ ಅರಳಲಿಲ್ಲ. ಎಲೆಗಳಲ್ಲಿ ಹಳದಿ ಗೆರೆ ಮೂಡಿತ್ತು. ಮೊಗ್ಗು ತಿರುಚಿಕೊಂಡು, ಬಿಳಿ ಎಸಳಿನ ಮೇಲೆ ಕಂದು ಕಲೆ ಬಿದ್ದಿತ್ತು. ದೃಷ್ಟಿ ತಾಗಿತೆಂದು ಪೂವಮ್ಮ ಮೆಣಸಿನ ಹೊಗೆ ಹಾಕಿದಳು. ಏನೂ ಆಗಲಿಲ್ಲ.

ಮಡಿಕೇರಿಯಿಂದ ಮೂರು ಗೆಡ್ಡೆ ತಂದು ನೆಟ್ಟವನು ಅವಳ ಗಂಡ ಮೇದಪ್ಪ. ಅವನು ತೀರಿಕೊಂಡು ನಾಲ್ಕು ವರ್ಷ. ಮಕ್ಕಳಿಲ್ಲದ ಆ ಮನೆಗೆ ಜನ ಬರುತ್ತಿದ್ದುದು ಲಿಲ್ಲಿಯ ಕಾಲದಲ್ಲಿ ಮಾತ್ರ. ಬಂದವರಿಗೆಲ್ಲ ಅವಳು ಗೆಡ್ಡೆ ಕೊಡುತ್ತಿದ್ದಳು. ಅದನ್ನು ಕೀಳುವಷ್ಟು ಹೊತ್ತಾದರೂ ಅವರು ಜಗಲಿಯಲ್ಲಿ ಕೂರುತ್ತಿದ್ದರು.

ಒಂದು ದಿನ ನೆರೆಮನೆಯ ಸಫಿಯಮ್ಮ ಬಂದಳು.

"ಪೂವಮ್ಮಕ್ಕ, ನನ್ನ ಮಗಳು ರುಕಿಯಾಗೆ ಒಂದು ಗೆಡ್ಡೆ ಬೇಕಂತೆ. ಕಾಸರಗೋಡಿಗೆ ಕೊಂಡೋಗ್ತಾಳೆ."

ಪೂವಮ್ಮ ಗೆರೆ ಕಾಣದ ಗಿಡವನ್ನೇ ಹುಡುಕಿ ಬುಡ ಬಿಡಿಸತೊಡಗಿದಳು. ಮಹಿಳಾ ಮಂಡಲಕ್ಕೆ ಹೊರಟಿದ್ದ ಗ್ರಾಮಸೇವಿಕೆ ಕಮಲಾವತಿ ಬೇಲಿಯ ದಣಪೆಯ ಬಳಿ ನಿಂತಳು.

"ಅದನ್ನು ಕೊಡ್ಬೇಡಿ ಪೂವಮ್ಮಕ್ಕ. ಇದು ನಂಜುರೋಗ. ವೈರಸ್ ಅಂತ ಹೇಳುದು. ಕಣ್ಣಿಗೆ ಕಾಣುದಿಲ್ಲ."

"ಕಾಣದ್ದು ನಿಮಗೆ ಮಾತ್ರ ಹೇಗೆ ಕಂಡಿತು ಮಾರಾಯ್ರೆ?" ಸಫಿಯಮ್ಮ ನಕ್ಕಳು.

ಕಮಲಾವತಿ ಒಳಗೆ ಬಂದು ಎಲೆ ಮಗುಚಿದಳು. ಅಡಿಯಲ್ಲಿ ಹಸಿರು ಹೇನು ಮುತ್ತಿಕೊಂಡಿದ್ದವು.

"ಇವು ರೋಗದ ಗಿಡದ ರಸ ಹೀರಿ ಮತ್ತೊಂದಕ್ಕೆ ಬಾಯಿ ಹಾಕ್ತವೆ. ನಿಮ್ಮ ಸೌತೆ ಬಳ್ಳಿಯ ಎಲೆಯೂ ಮುದುಡಿದೆ ನೋಡಿ, ಅಲ್ಲಿಂದ್ಲೂ ಬಂದಿರ್ಬಹುದು. ರಸ ಹತ್ತಿದ ಚೂರಿಯಿಂದ್ಲೂ ಹರಡ್ತದೆ."

"ಮದ್ದು ಎಂತ ಉಂಟು?" ಪೂವಮ್ಮ ಕೇಳಿದಳು.

"ಹೇನಿಗೆ ಸೋಪಿನ ನೀರು ಹೊಡೀಬಹುದು. ಗೆಡ್ಡೆಯೊಳಗೆ ಹೋದ ರೋಗಕ್ಕೆ ಮದ್ದಿಲ್ಲ. ಕಿತ್ತು ಸುಡ್ಬೇಕು."

"ಇದ್ರಲ್ಲಿ ಗೆರೆ ಇಲ್ವಲ್ಲ!" ಪೂವಮ್ಮ ಬುಡ ಬಿಡಿಸಿದ್ದ ಗಿಡವನ್ನು ತೋರಿಸಿದಳು.

"ಗೆರೆ ಕಾಣದಿದ್ರೂ ಒಳಗೆ ಇರ್ಬಹುದು. ಮರಿ ಗೆಡ್ಡೆಗೂ ಹೋಗ್ತದೆ."

"ಅವರು ನೆಟ್ಟದ್ದು. ನಾನು ಸುಡುದಾ?" ಪೂವಮ್ಮನ ದನಿ ಇಳಿಯಿತು. "ಮತ್ತೆ ಈ ಅಂಗಳಕ್ಕೆ ಯಾರು ಬರ್ತಾರೆ?"

ಕಮಲಾವತಿ ಅವಳ ಪಕ್ಕ ಕೂತು ಕೇಳಿದಳು, "ಕಳೆದ ವರ್ಷ ಯಾರಿಗೆಲ್ಲ ಕೊಟ್ಟಿದ್ರಿ?"

"ದುಗ್ಗಮ್ಮನಿಗೆ. ಹವ್ವಮ್ಮನಿಗೆ. ಅಚ್ಚುತನ ಮನೆಗೆ..." ಪೂವಮ್ಮ ಅಲ್ಲಿಗೇ ನಿಲ್ಲಿಸಿದಳು. "ರೋಗ ನನ್ನ ಕೈಯಿಂದ್ಲೇ ಹೋಯ್ತಲ್ಲ."

ಅವಳು ಒಂದೂ ಉಳಿಸದೆ ಕಿತ್ತಳು. ಹಸಿ ಗೆಡ್ಡೆಗೆ ಬೆಂಕಿ ಹಿಡಿಯಲಿಲ್ಲ. ಸಫಿಯಮ್ಮ ಒಣಗಿದ ತೆಂಗಿನ ಮಡಲು ತಂದು ಹಾಕಿದಳು. ಉರಿ ಆರುವವರೆಗೂ ಪೂವಮ್ಮ ಕದಲಲಿಲ್ಲ.

ಮರುದಿನ ಅವಳು ದುಗ್ಗಮ್ಮನ ಮನೆಗೆ ಹೋದಳು. ಗಂಡ ಹೋದ ಮೇಲೆ ಯಾರ ಮನೆಯ ಮೆಟ್ಟಿಲನ್ನೂ ಅವಳು ಹತ್ತಿರಲಿಲ್ಲ.

"ಕೊಟ್ಟದ್ದನ್ನು ವಾಪಸ್ ಕೇಳ್ಲಿಕ್ಕೆ ಬಂದದ್ದಾ?" ದುಗ್ಗಮ್ಮ ಚುಚ್ಚಿದಳು.

"ಅಲ್ಲ. ಸುಟ್ಟುಬಿಡು ಅಂತ ಹೇಳ್ಲಿಕ್ಕೆ."

ದುಗ್ಗಮ್ಮನ ಗಿಡದಲ್ಲೂ ಹಳದಿ ಗೆರೆ ಇತ್ತು. ಪೂವಮ್ಮ ಎಲ್ಲವನ್ನೂ ಬಿಡಿಸಿ ಹೇಳಿದಳು. ದುಗ್ಗಮ್ಮ ಹಾರೆ ತಂದಳು. ಕೆಲಸ ಮುಗಿದ ಮೇಲೆ, "ಕೂತ್ಕೊ, ಚಾ ಕುಡಿದು ಹೋಗು" ಎಂದಳು. ಪೂವಮ್ಮ ಕೂತಳು. ಆಮೇಲೆ ಎದ್ದು ಹವ್ವಮ್ಮನ ಮನೆಯ ದಾರಿ ಹಿಡಿದಳು.

ಅಕ್ಕತಂಗಿಯರೇ, ನಿಮ್ಮ ಲಿಲ್ಲಿಯ ಎಲೆಯನ್ನು ಇವತ್ತೇ ಮಗುಚಿ ನೋಡಿ. ರೋಗದ ಗಿಡವನ್ನು ಗೆಡ್ಡೆ ಸಮೇತ ಸುಡಿ. ಚೂರಿಯನ್ನು ಬಿಸಿನೀರು, ಸೋಪಿನಲ್ಲಿ ತೊಳೆಯಿರಿ. ರೋಗವಿಲ್ಲದ ತೋಟದಿಂದ ಹೊಸ ಗೆಡ್ಡೆ ತಂದು, ಸೌತೆ ಬಳ್ಳಿಯಿಂದ ದೂರ ನೆಡಿ. ರೋಗದ ಗೆಡ್ಡೆಯನ್ನು ಗೊತ್ತಿಲ್ಲದೆ ಯಾರಿಗಾದರೂ ಕೊಟ್ಟಿದ್ದರೆ ನಾಚಬೇಡಿ. ನೀವೇ ನಡೆದು ಹೋಗಿ, ಹೇಳಿ ಬನ್ನಿ.